ನೂರು ರೂಪಾಯಿಯ ಸೌತೆಕಾಯಿ

ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಷನ್ ಬಂತು. ಅದರಿಂದ ಬೆಳೆದ ಪ್ರೊಟೆಸ್ಟೆಂಟ್ ಸಭೆಗಳು ಆ ಕಡೆ ಈಗಲೂ ಇವೆ. ಸಭೆ ಎಂದರೆ ಒಂದು ಚರ್ಚಿನ ಜನರೆಲ್ಲ. ಅಂಥ ಒಂದು ಸಣ್ಣ ಸಭೆಯ ಬೆಳೆಹಬ್ಬಕ್ಕೆ ಅಪ್ಪನ ಗೆಳೆಯರು ನಮ್ಮನ್ನು ಕರೆದಿದ್ದರು.

ಎಲ್ಲರೂ ಹಿತ್ತಲಲ್ಲಿ ಬೆಳೆದ ತೆಂಗಿನಕಾಯಿ, ಬಾಳೆಗೊನೆ ತಂದಿದ್ದರು. ಪ್ರಾರ್ಥನೆ ಮುಗಿದ ಮೇಲೆ ಏಲಂ. ನಮ್ಮ ಕಡೆ ಸವಾಲು ಅಂತೇವಲ್ಲ, ಅದೇ. ಬಂದ ಹಣ ಚರ್ಚಿನ ಖರ್ಚಿಗೆ, ಬಡವರ ಸಹಾಯಕ್ಕೆ. ಕೂಗುವವರು, ಲೆಕ್ಕ ಬರೆಯುವವರು, ಊಟ ಬಡಿಸುವವರು ಎಲ್ಲ ಸಭೆಯವರೇ. ಯಾರಿಗೂ ಸಂಬಳ ಇಲ್ಲ.

ಒಬ್ಬ ಅಜ್ಜಿ ತಂದ ಒಂದೇ ಸೌತೆಕಾಯಿ 100 ರೂಪಾಯಿಗೆ ಹೋಯ್ತು! ನನಗೆ ನಗು ಬಂತು. ಅಪ್ಪನ ಗೆಳೆಯರು ಹೇಳಿದರು: “ಅಜ್ಜಿಯ ಹತ್ರ ದುಡ್ಡಿಲ್ಲ, ಬೆಳೆ ಉಂಟು. ತಗೊಂಡವರ ಹತ್ರ ದುಡ್ಡುಂಟು. ಇಬ್ಬರೂ ಕೊಟ್ಟ ಹಾಗಾಯ್ತಲ್ಲ ಮಗಾ?”

ಬಿಸಿಯೂಟಕ್ಕೆ ತರಕಾರಿ ಕೇಳಿದಾಗ ನಾನು “ನಮ್ಮನೇಲಿ ಏನೂ ಇಲ್ಲ” ಅಂದಿದ್ದೆ. ನಾಳೆ ಹಿತ್ತಲ ಬಸಳೆ ತರ್ತೇನೆ.

– 7ನೇ ತರಗತಿ, ಇಡಗುಂಜಿ