ಟ್ಯೂಬ್‌ಲೈಟ್ ಬೆಳಕಿನಲ್ಲಿ ಗಿಡ ಬೆಳೆಯುತ್ತದೆಯೇ? ಗ್ರೋ ಲೈಟ್ ಕೊಳ್ಳುವ ಮುನ್ನ ಓದಿ

"ಮನೆಯೊಳಗಿನ ಗಿಡಕ್ಕೆ ನೇರಳೆ ಬಣ್ಣದ ಗ್ರೋ ಲೈಟೇ ಬೇಕು, ಮಾಮೂಲಿ ಟ್ಯೂಬ್‌ಲೈಟ್‌ನಿಂದ ಏನೂ ಪ್ರಯೋಜನವಿಲ್ಲ" ಎಂಬ ಮಾತು ನಿಮ್ಮ ಗ್ರೂಪಿಗೂ ಬಂದಿರಬಹುದು. ಅದರ ಬೆನ್ನಿಗೇ "ಯಾವ ಲೈಟಾದರೂ ಸಾಕು, ತುಳಸಿಯನ್ನೂ ಹಾಲ್‌ನಲ್ಲೇ ಬೆಳೆಸಿ" ಎಂಬ ಇನ್ನೊಂದು ಮಾತೂ ಬರುತ್ತದೆ. ಮೊದಲನೆಯದನ್ನು ನಂಬಿದರೆ ದುಡ್ಡು ಹೋಗುತ್ತದೆ, ಎರಡನೆಯದನ್ನು ನಂಬಿದರೆ ಗಿಡ ಹೋಗುತ್ತದೆ. ನಿಜ ಏನೆಂದು ನೋಡೋಣ.

ಗಿಡಕ್ಕೆ ಯಾವ ಬೆಳಕು ಬೇಕು?

ದ್ಯುತಿಸಂಶ್ಲೇಷಣೆಗೆ ಗಿಡಗಳು ಬಳಸುವುದು ಹೆಚ್ಚುಕಡಿಮೆ ನಮ್ಮ ಕಣ್ಣಿಗೆ ಕಾಣುವ ಬೆಳಕನ್ನೇ, ಅಂದರೆ 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು. ಎಲೆಯಲ್ಲಿರುವ ಪತ್ರಹರಿತ್ತು ನೀಲಿ ಮತ್ತು ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ಈ ಎರಡು ಬಣ್ಣ ಬೆರೆತರೆ ನೇರಳೆಯಾಗಿ ಕಾಣುತ್ತದೆ. ನೇರಳೆ ಗ್ರೋ ಲೈಟಿನ ಗುಟ್ಟು ಇಷ್ಟೇ.

ಹಾಗೆಂದು ಉಳಿದ ಬಣ್ಣಗಳು ವ್ಯರ್ಥವಲ್ಲ. ವಿಜ್ಞಾನಿ ಕೀತ್ ಮೆಕ್ರೀ 22 ಬಗೆಯ ಬೆಳೆಗಳ ಎಲೆಗಳನ್ನು ಪರೀಕ್ಷಿಸಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಸಿರು ಬೆಳಕಿನಿಂದಲೂ ಎಲೆಗಳು ಸಾಕಷ್ಟು ಆಹಾರ ತಯಾರಿಸುತ್ತವೆ ಎಂಬುದು ಅದರಿಂದ ಸ್ಪಷ್ಟವಾಯಿತು. ಬಿಳಿ ಟ್ಯೂಬ್‌ಲೈಟಿನಲ್ಲಿ ನೀಲಿ, ಹಸಿರು, ಕೆಂಪು ಮೂರೂ ಇವೆ. ಆದ್ದರಿಂದ ಅದರಡಿ ಗಿಡ ಖಂಡಿತ ಬೆಳೆಯುತ್ತದೆ.

ಹಾಗಾದರೆ ಸಮಸ್ಯೆ ಎಲ್ಲಿ?

ಸಮಸ್ಯೆ ಬಣ್ಣದ್ದಲ್ಲ, ಪ್ರಮಾಣದ್ದು. ಮಧ್ಯಾಹ್ನದ ಬಿಸಿಲಿನಲ್ಲಿ ಸುಮಾರು 1 ಲಕ್ಷ ಲಕ್ಸ್ ಬೆಳಕಿರುತ್ತದೆ. ರಾತ್ರಿ ಲೈಟ್ ಹಾಕಿದ ಕೋಣೆಯಲ್ಲಿ ಇರುವುದು ಕೆಲವು ನೂರು ಲಕ್ಸ್ ಮಾತ್ರ. ನಮ್ಮ ಕಣ್ಣಿನ ಪಾಪೆ ಹಿಗ್ಗಿ ಹೊಂದಿಕೊಳ್ಳುವುದರಿಂದ ನಮಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಗಿಡಕ್ಕೆ ಗೊತ್ತಾಗುತ್ತದೆ.

ಗೋಡೆಯ ಮೇಲಿನ ಟ್ಯೂಬ್‌ಲೈಟಿನಿಂದ ಎಂಟು ಅಡಿ ದೂರದ ಕುಂಡಕ್ಕೆ ಸಿಗುವುದು ಅತಿ ಅಲ್ಪ. ಅದೇ 36 ವಾಟ್‌ನ ಎರಡು ಟ್ಯೂಬ್‌ಗಳನ್ನು ಗಿಡದಿಂದ ಒಂದು ಅಡಿ ಮೇಲೆ ತೂಗುಹಾಕಿದರೆ ಸುಮಾರು 3 ಸಾವಿರ ಲಕ್ಸ್ ಸಿಗುತ್ತದೆ. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್‌ಗಳಿಗೆ ಇದು ಧಾರಾಳ. ಮೆಂತ್ಯ, ಸಾಸಿವೆ ಸಸಿಗಳಿಗೆ ಇನ್ನೂ ಹತ್ತಿರ, ಅಂದರೆ ನಾಲ್ಕೈದು ಬೆರಳಿನಷ್ಟು ಅಂತರ ಇರಲಿ. ಟ್ಯೂಬ್ ಹೆಚ್ಚು ಬಿಸಿಯಾಗದ ಕಾರಣ ಎಲೆ ಸುಡುವ ಭಯ ಕಡಿಮೆ. ಬಿಸಿಲು ಬೇಡುವ ತುಳಸಿ, ಗುಲಾಬಿ, ಟೊಮೆಟೊ, ಮೆಣಸಿನ ಗಿಡಗಳಿಗೆ ಮಾತ್ರ ಇಷ್ಟು ಸಾಲದು. ಅವಕ್ಕೆ ಬಾಲ್ಕನಿಯೋ ತಾರಸಿಯೋ ಬೇಕು.

ಸಸಿ ಉದ್ದುದ್ದ ಬೆಳೆದು, ಕಾಂಡ ಸಣಕಲಾಗಿ, ಎಲೆ ಪೇಲವವಾಗುತ್ತಿದ್ದರೆ ಬೆಳಕು ಸಾಲುತ್ತಿಲ್ಲ ಎಂದರ್ಥ. ಆಗ ಗೊಬ್ಬರ ಹಾಕಿ ಪ್ರಯೋಜನವಿಲ್ಲ, ಲೈಟನ್ನು ಹತ್ತಿರ ತನ್ನಿ.

ಟ್ಯೂಬ್ ಆರಿಸುವುದು ಹೇಗೆ?

• ಟ್ಯೂಬಿನ ತುದಿಯಲ್ಲಿರುವ ಸಂಖ್ಯೆ ನೋಡಿ. 865 ಎಂದಿದ್ದರೆ 8 ಎಂಬುದು ಬಣ್ಣಗಳನ್ನು ಚೆನ್ನಾಗಿ ತೋರಿಸುವ ಗುಣಮಟ್ಟವನ್ನೂ 65 ಎಂಬುದು 6500 ಕೆಲ್ವಿನ್ ಬಿಳಿ ಬೆಳಕನ್ನೂ ಸೂಚಿಸುತ್ತದೆ. ಸಸಿ ಮತ್ತು ಎಲೆಗಿಡಗಳಿಗೆ ಇದು ಒಳ್ಳೆಯದು.

• ಹೂಬಿಡುವ ಗಿಡವಾದರೆ 865ರ ಜೊತೆಗೆ ಹಳದಿ ಛಾಯೆಯ 830 ಟ್ಯೂಬ್ ಸೇರಿಸಿ. ಅದರಲ್ಲಿ ಕೆಂಪಿನ ಪಾಲು ಹೆಚ್ಚು.

• ಟಿ8 ಟ್ಯೂಬಿನ ದಪ್ಪ 26 ಮಿಲಿಮೀಟರ್, ಟಿ5 ಟ್ಯೂಬಿನದು 16. ಅದೇ ವಿದ್ಯುತ್ತಿಗೆ ಟಿ5 ಸಾಮಾನ್ಯವಾಗಿ ಹೆಚ್ಚು ಬೆಳಕು ಕೊಡುತ್ತದೆ.

• ಟ್ಯೂಬ್ ಹಳೆಯದಾದಂತೆ ಬೆಳಕು ಕುಗ್ಗುತ್ತದೆ. ತುದಿ ಕಪ್ಪಾಗಿದ್ದರೆ ಬದಲಾಯಿಸಿ.

ದಿನಕ್ಕೆ ಎಷ್ಟು ಗಂಟೆ?

12ರಿಂದ 14 ಗಂಟೆ ಸಾಕು. 24 ಗಂಟೆ ಉರಿಸಿದರೆ ದುಪ್ಪಟ್ಟು ಬೆಳೆಯುತ್ತದೆ ಎಂಬುದು ತಪ್ಪು ಕಲ್ಪನೆ. ಎಷ್ಟೋ ಗಿಡಗಳು ಹೂಬಿಡಲು ಕತ್ತಲೆಯ ಅವಧಿಯನ್ನೇ ಲೆಕ್ಕ ಹಾಕುತ್ತವೆ. ಬೆಂಗಳೂರು ಸುತ್ತಮುತ್ತ ರಾತ್ರಿ ಬಲ್ಬ್ ಉರಿಯುವ ಸೇವಂತಿಗೆ ತೋಟಗಳನ್ನು ನೀವು ನೋಡಿರಬಹುದು. ಹೂ ಬೇಗ ಬಾರದಂತೆ ತಡೆಯಲು ರೈತರು ಕಂಡುಕೊಂಡ ಉಪಾಯ ಅದು.

ಖರ್ಚಿನ ಲೆಕ್ಕವೂ ಇರಲಿ. ಹಳೆಯ ಚೋಕ್ ಇರುವ 36 ವಾಟ್‌ನ ಎರಡು ಟ್ಯೂಬ್ ಸೇರಿ ಸುಮಾರು 95 ವಾಟ್. ದಿನಕ್ಕೆ 12 ಗಂಟೆಯಂತೆ ತಿಂಗಳಿಗೆ ಸುಮಾರು 34 ಯೂನಿಟ್. 20 ವಾಟ್‌ನ ಎರಡು ಎಲ್‌ಇಡಿ ಟ್ಯೂಬ್‌ಗಳಾದರೆ ಸುಮಾರು 14 ಯೂನಿಟ್.

ಒಡೆದರೆ ಏನು ಮಾಡಬೇಕು?

ಇದನ್ನು ಮಾತ್ರ ಮರೆಯಬೇಡಿ. ಫ್ಲೋರೊಸೆಂಟ್ ಟ್ಯೂಬಿನೊಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಟ್ಯೂಬ್ ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಫ್ಯಾನ್ ಆರಿಸಿ, ಕಿಟಕಿ ತೆರೆದು ಹತ್ತು ನಿಮಿಷ ಕೋಣೆಯಿಂದ ಆಚೆ ಇರಿ. ಆಮೇಲೆ ಗಟ್ಟಿ ರಟ್ಟಿನಿಂದ ಚೂರುಗಳನ್ನು ಎತ್ತಿ, ಪುಡಿಯನ್ನು ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಬಳಸಿದರೆ ಪಾದರಸ ಇನ್ನಷ್ಟು ಹರಡುತ್ತದೆ. ಸೊಪ್ಪಿನ ಕುಂಡದ ಮೇಲೆ ಒಡೆದಿದ್ದರೆ ಆ ಸೊಪ್ಪನ್ನು ತಿನ್ನಬೇಡಿ. ಕೆಟ್ಟ ಟ್ಯೂಬ್ ಇ-ತ್ಯಾಜ್ಯಕ್ಕೆ ಹೋಗಬೇಕು, ಮಾಮೂಲಿ ಕಸಕ್ಕಲ್ಲ.

ಪಾದರಸದ ಕಾರಣಕ್ಕೇ ಮಿನಮಾಟ ಒಪ್ಪಂದದ ದೇಶಗಳು 2027ರ ಹೊತ್ತಿಗೆ ಇಂಥ ಟ್ಯೂಬ್‌ಗಳ ತಯಾರಿಕೆ, ಆಮದು, ರಫ್ತು ನಿಲ್ಲಿಸಲು 2023ರಲ್ಲಿ ತೀರ್ಮಾನಿಸಿದವು. ಭಾರತವೂ ಆ ಒಪ್ಪಂದದಲ್ಲಿದೆ.

ಕೊನೆಯ ಮಾತು

ಮನೆಯಲ್ಲಿ ಟ್ಯೂಬ್‌ಲೈಟ್ ಈಗಾಗಲೇ ಇದ್ದರೆ ಧೈರ್ಯವಾಗಿ ಬಳಸಿ. ಹೊಸದಾಗಿ ಕೊಳ್ಳುವವರು 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಟ್ಯೂಬ್ ತಂದರೆ ಸಾಕು. ಅಂತರ, ಗಂಟೆಗಳ ಲೆಕ್ಕ ಅದಕ್ಕೂ ಇದೇ. ನೀರು ಹಾಕುವಾಗ ಸ್ವಿಚ್ ಆರಿಸಿ. "ನೇರಳೆ ಲೈಟೇ ಬೇಕು" ಎಂಬ ಫಾರ್ವರ್ಡ್ ಮತ್ತೆ ಬಂದರೆ, ಗಿಡ ಲೈಟಿನಿಂದ ಎಷ್ಟು ದೂರದಲ್ಲಿದೆ ಎಂದು ಮೊದಲು ಕೇಳಿ.