ಪಾಕವೂ ಪರಿವೇಷಣವೂ: ಪ್ಯಾರಿಸಿನ ಸ್ಟೇಕ್ ಭೋಜನಶಾಲೆಗಳು

ಭಕ್ಷ್ಯಗಳಲ್ಲಿ ಕಾಯಬಲ್ಲವು ಕೆಲವು, ಕಾಯಲಾರದವು ಕೆಲವು. ಬೆಳಿಗ್ಗೆ ಮಾಡಿದ ಹುಳಿ ರಾತ್ರಿಯ ಊಟದ ಹೊತ್ತಿಗೆ ಮತ್ತಷ್ಟು ಹದಗೊಂಡಿರುತ್ತದೆ. ಕಾವಲಿಯಿಂದೆದ್ದ ದೋಸೆಯಾದರೋ ಎಲೆಯನ್ನು ಸೇರುವುದು ತುಸು ತಡವಾದರೂ ಗರಿಗರಿಯನ್ನು ಕಳೆದುಕೊಂಡು, ಹುಯ್ದವರ ಶ್ರಮವನ್ನೆಲ್ಲ ವ್ಯರ್ಥಗೊಳಿಸುತ್ತದೆ. ದನದ ಮಾಂಸದ ದಪ್ಪನೆಯ ಹೋಳನ್ನು ಕಾದ ಕಾವಲಿಯ ಮೇಲಾಗಲಿ ಕೆಂಡದ ಮೇಲಾಗಲಿ ಸುಟ್ಟು, ಕರಿದ ಆಲೂಗಡ್ಡೆಯೊಡನೆ ಬಡಿಸುವ ಸ್ಟೇಕ್ ಎಂಬ ಭಕ್ಷ್ಯ, ಫ್ರಾನ್ಸಿನ ಜನ ಶ್ರೀಮಂತರು ಬಡವರೆಂಬ ಭೇದವಿಲ್ಲದೆ ತಮ್ಮದೆಂದು ಅಭಿಮಾನಪಡುವಂಥದು, ಈ ಎರಡನೆಯ ವರ್ಗಕ್ಕೆ ಸೇರಿದುದು. ಆದುದರಿಂದ ಸ್ಟೇಕ್‌ಗೆ ಹೆಸರಾದ ಭೋಜನಶಾಲೆಯೊಂದರಿಂದ ಉಂಡು ಬಂದವರು ‘ಅಡುಗೆ ಉತ್ತಮ, ಉಪಚಾರ ಮಾತ್ರ ಒಂದೇ ಸಮನಿಲ್ಲ’ ಎಂದು ಹೇಳಿದಾಗ, ಆ ಎರಡನ್ನೂ ಬೇರೆ ಬೇರೆಯಾಗಿ ತೂಗುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ಇಲ್ಲಿ ಬಡಿಸುವುದೆಂಬುದು ಅಡುಗೆಯ ಕೊನೆಯ ಹಂತವೇ ಆಗಿದೆ.

ಮೊದಲು ಪಾಕದ ಮಾತು. ಪಕ್ಕೆಲುಬುಗಳ ನಡುವಣ, ಕೊಬ್ಬಿನ ಎಳೆಗಳು ಹರಡಿಕೊಂಡಿರುವ ಭಾಗ ಆಂತ್ರಕೋತ್; ನಾರು ಉದ್ದವಾಗಿ, ರುಚಿ ಗಾಢವಾಗಿ ಇರುವ ಹೊಟ್ಟೆಯ ಕೆಳಭಾಗ ಬಾವೆತ್; ವಪೆಯ ಬಳಿಯಿಂದ ತೆಗೆದ ಒಂಗ್ಲೆ ಎಂಬುದು ಒಂದು ಪ್ರಾಣಿಯಲ್ಲಿ ಅತಿ ಸ್ವಲ್ಪವೇ ದೊರೆಯುವುದರಿಂದ, ಮಾಂಸದಂಗಡಿಯವನು ಅದನ್ನು ತನ್ನ ಮನೆಗೇ ಉಳಿಸಿಕೊಳ್ಳುತ್ತಿದ್ದನೆಂದು ಅಲ್ಲಿನ ಪ್ರತೀತಿ. ಯಾವ ಭಾಗವೇ ಆಗಲಿ, ತೀವ್ರವಾದ ಶಾಖ ತಗುಲಿದೊಡನೆ ಮೇಲ್ಮೈ ಕಂದುಬಣ್ಣಕ್ಕೆ ತಿರುಗಿ ಸುವಾಸನೆಯನ್ನು ಬೀರುತ್ತದೆ. ಮಾಂಸದಲ್ಲಿರುವ ಅಮೈನೋ ಆಮ್ಲಗಳೂ ಸಕ್ಕರೆಗಳೂ ಶಾಖದಲ್ಲಿ ಸಂಯೋಗಗೊಂಡು ಹುಟ್ಟಿಸುವ ಈ ಪರಿಮಳದ ರಸಾಯನಕ್ರಿಯೆಯನ್ನು ೧೯೧೨ರಲ್ಲಿ ವಿವರಿಸಿದವನು ಲೂಯಿ ಕಮೀಯ್ ಮಯ್ಯಾರ್ ಎಂಬ ಫ್ರೆಂಚ್ ವಿಜ್ಞಾನಿಯೇ. ಹೀಗೆ ಸುಡುವುದರಿಂದ ರಸ ಒಳಗೇ ಬಂಧಿತವಾಗುತ್ತದೆಂಬ ಹಳೆಯ ನಂಬಿಕೆ ನಿಜವಲ್ಲ. ಆ ಕಂದುಪೊರೆ ಇರುವುದು ರುಚಿಗಾಗಿ, ರಸವನ್ನು ತಡೆಯುವುದಕ್ಕಲ್ಲ.

ಬೇಯಿಸುವ ಹದಕ್ಕೆ ಫ್ರೆಂಚರಲ್ಲಿ ನಾಲ್ಕು ಮೆಟ್ಟಿಲುಗಳುಂಟು. ಹೊರಗೆ ಮಾತ್ರ ಸುಟ್ಟು ಒಳಗೆ ಹಸಿಯಾಗಿಯೇ ಇರುವುದು ಬ್ಲ. ನಡುವೆ ಕೆಂಪಗೆ ಉಳಿದು, ಒಳಗಿನ ಉಷ್ಣತೆ ಸುಮಾರು ೫೦ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುವುದು ಸೆನ್ಯಾಂ. ನಸುಗೆಂಪಾಗಿರುವುದು ಆ ಪ್ವಾಂ. ಪೂರ್ತಿ ಬೆಂದುದು ಬ್ಯಾಂ ಕ್ವಿ. ಪರದೇಶದವರು ನಿರೀಕ್ಷಿಸುವುದಕ್ಕಿಂತ ಪ್ರತಿ ಮೆಟ್ಟಿಲೂ ಅಲ್ಲಿ ತುಸು ಹಸಿಯ ಕಡೆಗೇ ವಾಲಿರುತ್ತದೆಂಬುದನ್ನು ಅರಿಯದೆ ಕೇಳಿದವರು ತಟ್ಟೆಯಲ್ಲಿ ಕೆಂಪು ದ್ರವವನ್ನು ಕಂಡು ಹೌಹಾರುವುದುಂಟು. ಆದರೆ ಅದು ನೆತ್ತರಲ್ಲ, ಮಯೋಗ್ಲೋಬಿನ್ ಎಂಬ ವರ್ಣದ್ರವ್ಯ ಬೆರೆತ ಮಾಂಸರಸ. ಒಲೆಯಿಂದಿಳಿಸಿದ ಹೋಳಿಗೆ ಕೆಲವು ನಿಮಿಷಗಳ ವಿಶ್ರಾಂತಿ ಬೇಕು. ಆಮೇಲೆ ಅದು ಒಂದು ಕ್ಷಣವೂ ಕಾಯಬಾರದು. ಪಕ್ಕದ ಆಲೂಗಡ್ಡೆಯ ಸ್ಥಿತಿಯೂ ಇದೇ: ಮೊದಲು ಮಂದವಾಗಿ ಕಾದ ಎಣ್ಣೆಯಲ್ಲಿ ಬೇಯಿಸಿ, ಬಡಿಸುವ ಮುನ್ನ ಇನ್ನೂ ಕಾದ ಎಣ್ಣೆಯಲ್ಲಿ ಎರಡನೆಯ ಬಾರಿ ಕರಿದ ಆ ಗರಿಗರಿ ತನ್ನ ಹಬೆಯಿಂದಲೇ ಬಹುಬೇಗ ಮೆತ್ತಗಾಗುತ್ತದೆ. ಮೊಟ್ಟೆಯ ಹಳದಿ, ಬೆಣ್ಣೆ, ವಿನಿಗರ್, ಟ್ಯಾರಗನ್ ಸೊಪ್ಪುಗಳಿಂದಾದ ಬೆಯರ್ನೇಸ್ ಗೊಜ್ಜಂತೂ ಮಹಾ ಸುಕುಮಾರಿ. ಶಾಖ ಹೆಚ್ಚಿದರೆ ಒಡೆಯುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಒಂದು ತಟ್ಟೆಯಲ್ಲಿ ಇಂಥ ಮೂರು ಅವಸರಗಳು ಏಕಕಾಲಕ್ಕೆ ಕೂಡಿರುವಾಗ, ಅಡುಗೆಮನೆಯಿಂದ ಮೇಜಿಗೆ ಇರುವ ಹತ್ತಿಪ್ಪತ್ತು ಹೆಜ್ಜೆಯ ದೂರ ಸಾಮಾನ್ಯವಾದುದಲ್ಲ.

ಪ್ಯಾರಿಸಿನ ಅಂಥ ಒಂದು ಭೋಜನಶಾಲೆಯಲ್ಲಿ ಮಿತ್ರರೊಬ್ಬರೊಡನೆ ಊಟಕ್ಕೆ ಕುಳಿತಾಗ ಈ ಸತ್ಯ ನನಗೆ ಚೆನ್ನಾಗಿ ಮನದಟ್ಟಾಯಿತು. ನನ್ನ ಒಂಗ್ಲೆ ಬಂದಿತು. ಹೊರಗೆ ಕಂದು, ಒಳಗೆ ಮಾಣಿಕ್ಯದ ಕೆಂಪು, ಮೇಲೆ ಬೆಣ್ಣೆಯಲ್ಲಿ ಬಾಡಿಸಿದ ಸಣ್ಣ ಈರುಳ್ಳಿ: ಪಾಕದಲ್ಲಿ ಹುಡುಕಿದರೂ ಲೋಪವಿರಲಿಲ್ಲ. ಆದರೆ ಮಿತ್ರರ ತಟ್ಟೆ ಬರಲಿಲ್ಲ. ‘ಆರಿಹೋಗುತ್ತದೆ, ನೀವು ಶುರುಮಾಡಿ’ ಎಂದು ಅವರು ಒತ್ತಾಯಿಸಿದರು. ಎದುರಿಗೆ ಕುಳಿತವರ ಮುಂದೆ ಬರಿಯ ಮೇಜಿರುವಾಗ ತುತ್ತೆತ್ತುವುದಕ್ಕೆ ನನಗೆ ಮನಸ್ಸಾಗಲಿಲ್ಲ. ನೋಡುತ್ತಿದ್ದಂತೆ ತಟ್ಟೆಯ ಅಂಚಿನ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತು, ಆಲೂಗಡ್ಡೆ ಬಾಗಿತು. ಕರೆದರೆ ಪರಿಚಾರಕ ಕಣ್ಣು ತಪ್ಪಿಸಿ ಸಾಗುತ್ತಿದ್ದ. ಅದೇ ವೇಳೆಗೆ ಅದೇ ಕೋಣೆಯ ಇನ್ನೊಂದು ಸಾಲಿನಲ್ಲಿ ನರೆಗೂದಲಿನ ಹಿರಿಯನೊಬ್ಬ ಬಿಸಿಮಾಡಿದ ತಟ್ಟೆಗಳನ್ನು ಬಟ್ಟೆಯಲ್ಲಿ ಹಿಡಿದು ತಂದು, ಮೇಜಿನವರೆಲ್ಲರಿಗೂ ಒಟ್ಟಿಗೆ ಇಟ್ಟು, ಮೊದಲ ತುತ್ತನ್ನು ಅವರು ಸವಿಯುವವರೆಗೆ ಎರಡು ಹೆಜ್ಜೆ ಹಿಂದೆ ನಿಂತಿದ್ದ. ಒಂದೇ ಒಲೆಯ ಮಾಂಸ ಒಂದು ಸಾಲಿನಲ್ಲಿ ಔತಣವಾಯಿತು, ಇನ್ನೊಂದರಲ್ಲಿ ತಣ್ಣನೆಯ ಊಟವಾಯಿತು.

ಈ ವ್ಯತ್ಯಾಸಕ್ಕೆ ಕಾರಣವನ್ನು ಅಲ್ಲಿನ ವ್ಯವಸ್ಥೆಯಲ್ಲೇ ಕಾಣಬಹುದು. ಫ್ರೆಂಚ್ ಭೋಜನಶಾಲೆಯಲ್ಲಿ ಮೇಜುಗಳನ್ನು ಸಾಲುಗಳಾಗಿ ವಿಂಗಡಿಸಿ, ಒಂದೊಂದು ಸಾಲನ್ನು ಒಬ್ಬೊಬ್ಬ ಪರಿಚಾರಕನಿಗೆ ಒಪ್ಪಿಸುವುದು ಪದ್ಧತಿ; ಒಬ್ಬನ ಸಾಲಿಗೆ ಇನ್ನೊಬ್ಬ ಸಾಮಾನ್ಯವಾಗಿ ಕೈಹಾಕುವುದಿಲ್ಲ. ಹಾಗಾಗಿ ಅತಿಥಿಯ ಭಾಗ್ಯ ಅವನಿಗೆ ದೊರೆತ ಕುರ್ಚಿಯನ್ನು ಅವಲಂಬಿಸಿರುತ್ತದೆ. ಸೇವಾಶುಲ್ಕ ತಿಂಡಿಪಟ್ಟಿಯ ಬೆಲೆಯಲ್ಲೇ ಅಡಗಿರಬೇಕೆಂಬುದು ೧೯೮೭ರಿಂದ ಅಲ್ಲಿನ ನಿಯಮ. ಪರಿಚಾರಕನಿಗೆ ಸಂಬಳವುಂಟು, ಭಕ್ಷೀಸಿಗಾಗಿ ಹಲ್ಲುಕಿರಿಯಬೇಕಾದ ದೈನ್ಯ ಅವನಿಗಿಲ್ಲ. ಇದು ಒಳ್ಳೆಯದೇ. ಮನುಷ್ಯನೊಬ್ಬ ತನ್ನ ಉದ್ಯೋಗವನ್ನು ಗೌರವದಿಂದ ನಡೆಸುವುದು ಯಾವ ಸಮಾಜಕ್ಕೂ ಶೋಭೆ. ಆದರೆ ಭಕ್ಷೀಸಿನ ಆಸೆ ಮಾಡಿಸುತ್ತಿದ್ದ ಕೆಲಸವನ್ನು ಅಲ್ಲಿ ವೃತ್ತಿಯ ಅಭಿಮಾನವೇ ಮಾಡಿಸಬೇಕು. ಆ ಅಭಿಮಾನ ನರೆಗೂದಲಿನ ಹಿರಿಯನಲ್ಲಿದ್ದಷ್ಟು ಎಲ್ಲರಲ್ಲೂ ಇರುವುದಿಲ್ಲ.

ಈ ಅಭಿಮಾನವೂ ಫ್ರಾನ್ಸಿನದೇ ಪರಂಪರೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸಿನಲ್ಲಿ ಭೋಜನಶಾಲೆಯನ್ನು ತೆರೆದು ಕೀರ್ತಿಶಾಲಿಯಾದ ಆಂತ್ವಾನ್ ಬೋವಿಲಿಯೇ ಎಂಬವನನ್ನು ಕುರಿತು, ಬ್ರಿಯಾ-ಸಾವರಾಂ ತನ್ನ ೧೮೨೫ರ ರುಚಿಶಾಸ್ತ್ರದ ಗ್ರಂಥದಲ್ಲಿ ಪ್ರಶಂಸಿಸುವಾಗ ಪಾಕದಷ್ಟೇ ಆತನ ಆತಿಥ್ಯವನ್ನೂ ಕೊಂಡಾಡಿದ್ದಾನೆ: ಒಮ್ಮೆ ಬಂದವರನ್ನು ವರ್ಷಗಳ ಅನಂತರವೂ ಗುರುತಿಸುವ ನೆನಪು, ಇಂದು ಯಾವ ಭಕ್ಷ್ಯವನ್ನು ಬಿಡಬೇಕು, ಯಾವುದನ್ನು ಕೂಡಲೇ ಕೇಳಬೇಕೆಂದು ಅತಿಥಿಗೆ ತಿಳಿಸುವ ಸೌಜನ್ಯ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ದ್ಯುವಾಲ್ ಎಂಬ ಮಾಂಸದ ವ್ಯಾಪಾರಿ ಶ್ರಮಜೀವಿಗಳಿಗಾಗಿ ಬೂಯೋಂ ಎಂಬ ಅಗ್ಗದ ಭೋಜನಶಾಲೆಗಳನ್ನು ತೆರೆದು, ಸಮವಸ್ತ್ರ ಧರಿಸಿದ ಸ್ತ್ರೀಯರಿಂದ ಬಡಿಸುವ ಶಿಸ್ತನ್ನು ತಂದನು. ೧೮೯೬ರಲ್ಲಿ ಸ್ಥಾಪಿತವಾದ ಬೂಯೋಂ ಶಾರ್ತಿಯೇಯಲ್ಲಿ ಪರಿಚಾರಕರು ಲೆಕ್ಕವನ್ನು ಮೇಜಿನ ಕಾಗದದ ಹಾಸಿನ ಮೇಲೆಯೇ ಬರೆಯುವ ರೂಢಿ ಇಂದಿಗೂ ಉಂಟು. ೧೯೫೯ರಲ್ಲಿ ಪ್ಯಾರಿಸಿನ ಪೋರ್ತ್ ಮಾಯೋ ಬಳಿ ಆರಂಭವಾದ ಲ ರಲೇ ದ ವೆನೀಸ್ ಎಂಬ ಭೋಜನಶಾಲೆ, ತಟ್ಟೆ ಆರಿಹೋಗುವ ಸಮಸ್ಯೆಗೆ ಬೇರೆಯೇ ಪರಿಹಾರ ಕಂಡುಕೊಂಡಿತು. ಅಲ್ಲಿ ಮುಂಗಡ ಕಾಯ್ದಿರಿಸುವಂತಿಲ್ಲ, ಸಾಲಿನಲ್ಲಿ ನಿಲ್ಲಬೇಕು; ಮುಖ್ಯಭಕ್ಷ್ಯವೂ ಒಂದೇ. ಆಕ್ರೋಡು ಬೆರೆಸಿದ ಸೊಪ್ಪಿನ ಸಲಾಡ್ ಮೊದಲು, ಆಮೇಲೆ ಗೊಜ್ಜಿನಲ್ಲಿ ಮುಳುಗಿದ ಆಂತ್ರಕೋತ್; ಕೇಳುವ ಪ್ರಶ್ನೆ ಬೇಯಿಸುವ ಹದವೊಂದೇ. ಮಾಂಸವನ್ನು ಒಮ್ಮೆಗೇ ಬಡಿಸದೆ ಅರ್ಧವನ್ನು ಬಿಸಿಯಾಗಿ ಉಳಿಸಿಕೊಂಡು, ಮೊದಲ ಪಾಲು ಮುಗಿದ ಬಳಿಕ ಎರಡನೆಯದನ್ನು ಆಲೂಗಡ್ಡೆಯ ಸಮೇತ ತಂದಿಕ್ಕುತ್ತಾರೆ. ಬಡಿಸುವಿಕೆಯೂ ಪಾಕವೇ ಎಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿಯದು.

ಹೀಗಿದ್ದರೂ, ಪರದೇಶದಿಂದ ಹೋದವರು ರೂಢಿಯನ್ನು ಲೋಪವೆಂದು ತಿಳಿಯಬಾರದು. ಕೇಳದೆ ಬಿಲ್ಲು ತಾರದಿರುವುದು ಅಲ್ಲಿ ಉದಾಸೀನವಲ್ಲ. ತಂದರೆ ಅದು ‘ಇನ್ನು ಏಳಿ’ ಎಂದಂತಾದೀತೆಂಬ ಸಂಕೋಚ. ಪದೇ ಪದೇ ಬಂದು ವಿಚಾರಿಸದಿರುವುದು ಮಾತುಕತೆಗೆ ಭಂಗ ತರಬಾರದೆಂಬ ಮರ್ಯಾದೆ. ಒಳಗೆ ಬಂದೊಡನೆ ‘ಬೋಂಜೂರ್’ ಎಂದು ವಂದಿಸದೆ ನೇರವಾಗಿ ಬೇಕಾದುದನ್ನು ಕೇಳುವ ಅತಿಥಿಯೇ ಅವರ ಕಣ್ಣಿಗೆ ಒರಟ. ಆದರೆ ಒಂದೇ ಮೇಜಿಗೆ ತಟ್ಟೆಗಳು ಬೇರೆ ಬೇರೆ ಹೊತ್ತಿಗೆ ಬರುವುದು, ಹೇಳಿದ ಭಕ್ಷ್ಯ ಮರೆತುಹೋಗುವುದು, ಕರೆದರೂ ತಿರುಗಿ ನೋಡದಿರುವುದು: ಇವು ಯಾವ ಸಂಸ್ಕೃತಿಯ ಹೆಸರಿನಲ್ಲೂ ಕ್ಷಮ್ಯವಲ್ಲ. ಫ್ರೆಂಚರ ಭೋಜನಪದ್ಧತಿಯನ್ನು ೨೦೧೦ರಲ್ಲಿ ಯುನೆಸ್ಕೋ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮನ್ನಣೆ ದೊರೆತುದು ಕೇವಲ ಪಾಕಗಳಿಗಲ್ಲ, ಜನ ಒಟ್ಟಿಗೆ ಕುಳಿತು ಉಣ್ಣುವ ಆಚಾರಕ್ಕೆ.

ನಮ್ಮ ನಾಡಿನಿಂದ ಅಲ್ಲಿಗೆ ಹೋಗುವವರಲ್ಲಿ ಈ ಮಾಂಸವನ್ನು ಉಣ್ಣುವವರೂ ಉಂಟು, ವರ್ಜಿಸುವವರೂ ಉಂಟು. ವರ್ಜಿಸುವವರು, ಕರಿದ ಆಲೂಗಡ್ಡೆಯೂ ಕೆಲವೆಡೆ ದನದ ಕೊಬ್ಬಿನಲ್ಲೇ ಸಿದ್ಧವಾಗುವುದೆಂಬುದನ್ನು ನೆನಪಿಟ್ಟು ಮೊದಲೇ ವಿಚಾರಿಸಿಕೊಳ್ಳಲಿ. ಉಣ್ಣುವವರು ಬೇಯಿಸುವ ಹದವನ್ನು ಸ್ಪಷ್ಟವಾಗಿ ಹೇಳಲಿ, ನೀರಿಗೆ ಹಣ ತೆರದೆ ಹೂಜಿಯ ನೀರನ್ನೇ ಕೇಳಲಿ. ತಟ್ಟೆ ತಣ್ಣಗೆ ಬಂದರೆ ಸಂಕೋಚಪಡದೆ, ಸೌಜನ್ಯವನ್ನು ಬಿಡದೆ, ಆ ಕ್ಷಣವೇ ಹಿಂದಿರುಗಿಸಲಿ. ಬೆಲೆಯಲ್ಲಿ ಸೇವೆಗೂ ಹಣ ತೆತ್ತಿರುವುದರಿಂದ ಹಾಗೆ ಕೇಳುವುದು ಅವರ ಹಕ್ಕು. ಒಳ್ಳೆಯ ಬಾಣಸಿಗನನ್ನಿಟ್ಟುಕೊಂಡೂ ಒಳ್ಳೆಯ ಪರಿಚಾರಕನನ್ನು ತರಬೇತುಗೊಳಿಸದ ಭೋಜನಶಾಲೆ ಅಡುಗೆಯನ್ನು ಅರ್ಧಕ್ಕೇ ನಿಲ್ಲಿಸಿದೆಯೆಂದೇ ನನ್ನ ತೀರ್ಮಾನ.