ಔಷಧದ ಚೀಲ ಹೊತ್ತವರು

ವೈದ್ಯರ ಕೋಣೆಯ ಹೊರಗೆ ಕಾದಿರುವ ರೋಗಿಗಳ ನಡುವೆ ಕೆಮ್ಮದ, ನರಳದ, ಚೀಟಿ ಪಡೆಯದ ಒಬ್ಬ ತರುಣನನ್ನು ಓದುಗರು ಕಂಡಿರಬೇಕು. ಬಿಸಿಲಿನಲ್ಲಿ ಬಂದಿದ್ದರೂ ಅವನ ಅಂಗಿಯ ಇಸ್ತ್ರಿ ಕೆಟ್ಟಿರುವುದಿಲ್ಲ. ಕೊರಳಲ್ಲಿ ಟೈ, ಕೈಯಲ್ಲಿ ಭಾರವಾದ ಕರಿಯ ಚೀಲ. ರೋಗಿಗಳು ಒಬ್ಬೊಬ್ಬರಾಗಿ ಒಳಗೆ ಹೋಗಿ ಹೊರಗೆ ಬರುತ್ತಾರೆ. ಅವನು ನಿಂತೇ ಇರುತ್ತಾನೆ. ಕಡೆಗೆ ಬಾಗಿಲು ತೆರೆದು ಅವನು ಒಳಹೊಕ್ಕಾಗ, ‘ನಮ್ಮ ಪಾಳಿ ಇತ್ತಲ್ಲ, ಇಂವ ಯಾವಾಗ ಬಂದ?’ ಎಂದು ಯಾರಾದರೊಬ್ಬರು ಗೊಣಗುವುದೂ ರೂಢಿ. ಎರಡು ನಿಮಿಷದಲ್ಲಿ ಅವನು ಹೊರಗೆ ಬಂದಿರುತ್ತಾನೆ. ಆ ಎರಡು ನಿಮಿಷಕ್ಕಾಗಿಯೇ ಅವನಿಗೆ ಸಂಬಳ.

ಇವನು ಔಷಧ ಕಂಪನಿಯ ಪ್ರತಿನಿಧಿ. ಜನರ ಬಾಯಲ್ಲಿ ‘ಮೆಡಿಕಲ್ ರೆಪ್’. ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಆರು ವರುಷ ನಾನೂ ಆ ಚೀಲ ಹೊತ್ತವನು. ಅನಂತರ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಕೆಲಸ ದೊರೆಯಿತು. ಪ್ರತಿ ವರುಷ ಪರೀಕ್ಷೆ ಮುಗಿಯುತ್ತಲೇ ನಾಲ್ಕಾರು ಹುಡುಗರು ಬಂದು, ‘ಸರ್, ಆ ಕೆಲಸಕ್ಕೆ ಸೇರಬಹುದೇ?’ ಎಂದು ಕೇಳುತ್ತಾರೆ. ಸೇರಿದವರಲ್ಲಿ ಹಲವರು ವರ್ಷೊಪ್ಪತ್ತಿನಲ್ಲಿ ಕಂಪನಿ ಬದಲಿಸಿರುತ್ತಾರೆ, ಇಲ್ಲವೆ ಆ ವೃತ್ತಿಯನ್ನೇ ಬಿಟ್ಟಿರುತ್ತಾರೆ. ಬುದ್ಧಿವಂತರೂ ಮಾತುಬಲ್ಲವರೂ ಆದ ಈ ತರುಣರು ಏಕೆ ನಿಲ್ಲುವುದಿಲ್ಲ ಎಂಬುದು ನನ್ನನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ. ‘ಈಗಿನವರಿಗೆ ಕಷ್ಟಪಡುವ ಮನಸ್ಸಿಲ್ಲ’ ಎಂಬ ಸುಲಭದ ಉತ್ತರವನ್ನು ನಾನು ಒಪ್ಪಲಾರೆ.

ಕಷ್ಟವೇ ಕಾರಣವಾಗಿದ್ದರೆ ಮೊದಲ ತಿಂಗಳಲ್ಲೇ ಎಲ್ಲರೂ ಬಿಡಬೇಕಾಗಿತ್ತು. ದಿನಕ್ಕೆ ಹತ್ತು ಹನ್ನೆರಡು ವೈದ್ಯರನ್ನು ಕಾಣಬೇಕು, ಐದಾರು ಔಷಧದ ಅಂಗಡಿಗಳನ್ನು ಹತ್ತಿ ಇಳಿಯಬೇಕು. ಇಂದು ಗದಗ, ನಾಳೆ ಹಾವೇರಿ, ನಾಡಿದ್ದು ರಾಣೆಬೆನ್ನೂರಿನ ಲಾಡ್ಜಿನಲ್ಲಿ ವಸತಿ. ಬ್ಯಾಡಗಿಯ ಮೇಲೆ ಹೋಗುವಾಗ ಮೆಣಸಿನಕಾಯಿಯ ಘಾಟಿಗೆ ಬಸ್ಸಿನಲ್ಲಿದ್ದವರೆಲ್ಲ ಸೀನುವರು. ಆ ಸೀನಿಗೆ ನನ್ನ ಚೀಲದಲ್ಲಿ ಮದ್ದಿರಲಿಲ್ಲ. ಇವೆಲ್ಲವನ್ನೂ ತರುಣ ವಯಸ್ಸು ನಗುತ್ತ ತಾಳಿಕೊಳ್ಳುತ್ತದೆ.

ಅಷ್ಟೇ ಅಲ್ಲ, ಈ ಕೆಲಸಕ್ಕೆ ಅದರದೇ ಆದ ಒಂದು ಹೆಮ್ಮೆಯೂ ಉಂಟು. ಸೇರಿದ ಹೊಸತರಲ್ಲಿ ಕೆಲವು ವಾರ ನಮಗೆ ಪಾಠ ನಡೆಯಿತು. ಮೂತ್ರಪಿಂಡ ರಕ್ತವನ್ನು ಸೋಸುವ ಬಗೆ, ಪೆನಿಸಿಲಿನ್ ವರ್ಗದ ಔಷಧಗಳು ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಕಟ್ಟಗೊಡದೆ ಅದನ್ನು ಕೊಲ್ಲುವ ಬಗೆ, ಇವನ್ನು ಪದವಿಯ ತರಗತಿಯಲ್ಲಿ ಕಲಿತುದಕ್ಕಿಂತ ಅಲ್ಲಿ ಚೆನ್ನಾಗಿ ಕಲಿತೆ. ಹಾವೇರಿಯ ಕಡೆಯ ಒಬ್ಬ ವೃದ್ಧ ವೈದ್ಯರು ಒಮ್ಮೆ ನನ್ನ ಬಣ್ಣದ ಚಿತ್ರಪಟವನ್ನು ಬದಿಗೆ ಸರಿಸಿ, ‘ಮೂತ್ರಪಿಂಡ ಸೋತವಗ ಇದನ್ನ ಎಷ್ಟು ಕೊಡಬೇಕು, ಅದನ್ನ ಹೇಳ್ರಿ’ ಎಂದು ಕೇಳಿದರು. ನನಗೆ ತಿಳಿದಿರಲಿಲ್ಲ, ಕಂಪನಿಗೆ ಬರೆದೆ. ಮುಂದಿನ ತಿಂಗಳು ಉತ್ತರದ ಕಾಗದವನ್ನು ಅವರ ಮೇಜಿನ ಮೇಲಿಟ್ಟಾಗ ಅವರು ಅದನ್ನು ಎರಡು ಸಲ ಓದಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡರು. ಆ ಆರು ವರುಷಗಳಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಅದು ಉತ್ತಮವಾದುದು ಎಂದು ಇಂದಿಗೂ ನನ್ನ ಭಾವನೆ. ಆದರೆ ಅದನ್ನು ಬರೆಯಲು ದಿನದ ವರದಿಯಲ್ಲಿ ಅಂಕಣವೇ ಇರಲಿಲ್ಲ.

ಮನಸ್ಸು ಕುಸಿಯುವುದು ಇಂಥಲ್ಲಿ. ಕಲಿಸುವುದು ವಿಜ್ಞಾನವನ್ನು, ಅಳೆಯುವುದು ರೂಪಾಯಿಯನ್ನು. ಅಳತೆಯ ಕ್ರಮವಾದರೂ ಎಂಥದು? ವೈದ್ಯರು ಬರೆದ ಮದ್ದು ಅಂಗಡಿಯಿಂದ ರೋಗಿಯ ಮನೆಗೆ ಹೋದರೆ ಅದು ನಿಜವಾದ ಮಾರಾಟ. ಆದರೆ ಕಂಪನಿಯ ಲೆಕ್ಕದಲ್ಲಿ ಸರಕು ಸ್ಟಾಕಿಸ್ಟನ ಉಗ್ರಾಣ ಸೇರಿದೊಡನೆ ಮಾರಾಟವಾದಂತೆ. ಆದುದರಿಂದ ತಿಂಗಳ ಕಡೆಯ ವಾರ ಬಂತೆಂದರೆ ಪ್ರತಿನಿಧಿಗೆ ವೈದ್ಯರ ನೆನಪಿರುವುದಿಲ್ಲ. ಸ್ಟಾಕಿಸ್ಟನ ಗಲ್ಲೆಯ ಮುಂದೆ ಅವನ ತಪಸ್ಸು. ಇದಕ್ಕೆ ‘ಕ್ಲೋಸಿಂಗ್’ ಎಂದು ಹೆಸರು. ‘ಅಣ್ಣಾರ, ಇನ್ನೊಂದು ಐವತ್ತು ಸಾವಿರದ್ದು ಎತ್ತರಿ, ಈ ತಿಂಗಳೊಂದು ದಾಟಲಿ’ ಎಂದು ಬೇಡುವುದು. ‘ಹೋದ ತಿಂಗಳದ್ದೇ ಬಿದ್ದೈತಲ್ಲೋ ತಮ್ಮಾ’ ಎಂದು ಅವನು ಕಪಾಟು ತೋರಿಸುವುದು. ಕಡೆಗೆ ಸಲಿಗೆಯಿಂದಲೋ ಕನಿಕರದಿಂದಲೋ ಅವನು ಒಪ್ಪುತ್ತಾನೆ. ಗುರಿ ಮುಟ್ಟಿತೆಂದು ಮೇಲಿನಿಂದ ಶಾಭಾಸ್ ಬರುತ್ತದೆ. ಮುಟ್ಟಿದ ಗುರಿಯ ಮೇಲೆಯೇ ಬರುವ ವರುಷದ ಗುರಿಯನ್ನು ಏರಿಸಲಾಗುತ್ತದೆ. ಕೆಲವು ತಿಂಗಳ ಬಳಿಕ ಮಾರಾಟವಾಗದ ಸರಕು ಅವಧಿ ಮೀರಿ ಹಿಂದಿರುಗುತ್ತದೆ. ಆಗ ಅದನ್ನು ತುಂಬಿದವನು ಕೆಲಸ ಬಿಟ್ಟು ಹೋಗಿರುತ್ತಾನೆ. ಬೈಗುಳ ಅವನ ಜಾಗಕ್ಕೆ ಬಂದ ಹೊಸ ಹುಡುಗನ ಪಾಲು. ಹೊಸಬನೂ ಬೇಗನೆ ಬಿಡುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕೆ?

ನನ್ನ ಕಾಲದಲ್ಲಿ ದಿನದ ವರದಿಯನ್ನು ರಾತ್ರಿ ಕುಳಿತು ಬರೆದು ಅಂಚೆಗೆ ಹಾಕುತ್ತಿದ್ದೆವು. ಈಗ ಫೋನೇ ಮೇಲ್ವಿಚಾರಕ. ಯಾವ ಆಸ್ಪತ್ರೆಯ ಮುಂದೆ ಎಷ್ಟು ಗಂಟೆಗೆ ನಿಂತಿದ್ದನೆಂಬುದನ್ನು ಅದು ಕಂಪನಿಗೆ ತಿಳಿಸುತ್ತದೆ. ಆದರೆ ವೈದ್ಯರು ಒಂದು ಕಷ್ಟದ ಹೆರಿಗೆಗೆ ಎದ್ದು ಹೋದರು, ಇವನು ಮೂರು ಗಂಟೆ ಕಾದ ಎಂಬುದನ್ನು ತಿಳಿಸುವುದಿಲ್ಲ. ನಂಬಿಕೆಯಿಲ್ಲದ ಕಡೆ ನಿಷ್ಠೆಯನ್ನು ಬೇಡುವುದು ವಿಚಿತ್ರ. ಮೇಲಿನ ಮ್ಯಾನೇಜರನನ್ನು ದೂರಿಯೂ ಪ್ರಯೋಜನವಿಲ್ಲ. ಅವನೂ ನಿನ್ನೆ ಚೀಲ ಹೊತ್ತವನೇ. ಅವನ ತಲೆಯ ಮೇಲೂ ಒಂದು ಅಂಕಿ ಕುಳಿತಿದೆ.

ಇನ್ನು ಕಾಣಿಕೆಗಳ ಮಾತು. ಪೆನ್ನು, ದಿನಚರಿಗಳಿಂದ ಆರಂಭವಾದ ಈ ರೂಢಿ ಎಲ್ಲಿಯವರೆಗೆ ಬೆಳೆಯಿತೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ವೈದ್ಯರು ಔಷಧ ಕಂಪನಿಗಳಿಂದ ಉಡುಗೊರೆ ಪಡೆಯಬಾರದೆಂದು ಭಾರತೀಯ ವೈದ್ಯಕೀಯ ಪರಿಷತ್ತು 2009ರಲ್ಲಿ ನಿಯಮ ಮಾಡಿತು. ಇಂಥ ಖರ್ಚಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೇಳಕೂಡದೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ತೀರ್ಪಿತ್ತಿತು. 2024ರ ಮಾರ್ಚಿಯಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಸಂಹಿತೆ ಉಡುಗೊರೆಯನ್ನು ನಿಷೇಧಿಸಿದ್ದಲ್ಲದೆ ಉಚಿತ ಮಾದರಿಗಳಿಗೂ ಮಿತಿ ಹಾಕಿತು: ಒಬ್ಬ ವೈದ್ಯರಿಗೆ ಒಂದು ಮದ್ದಿನ ಮಾದರಿ ವರುಷಕ್ಕೆ 12 ಪೊಟ್ಟಣಗಳನ್ನು ಮೀರಬಾರದು. ಒಳ್ಳೆಯದೇ. ಗಮನಿಸಬೇಕಾದ ಸಂಗತಿಯೆಂದರೆ, ಇಂಥ ಸಂಹಿತೆಗೆ ಕಾನೂನಿನ ಬಲ ಬೇಕೆಂದು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಪ್ರತಿನಿಧಿಗಳ ಅಖಿಲ ಭಾರತ ಒಕ್ಕೂಟದವರೇ. ಕಾಣಿಕೆ ಕೊಡುವವನು ಕಂಪನಿ, ಪಡೆಯುವವನು ವೈದ್ಯ. ನಡುವೆ ಹೊರುವವನಿಗೆ ಅದು ಎಷ್ಟು ಹೇಸಿಗೆಯಾಗಿರಬೇಕು! 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರದ ಆಸ್ಪತ್ರೆಗಳೊಳಗೆ ಪ್ರತಿನಿಧಿಗಳನ್ನು ಬಿಡಬಾರದೆಂಬ ಆದೇಶ ಹೊರಟಿತು. ಹೊರುವವನಿಗೆ ಬಾಗಿಲು ಮುಚ್ಚಿತು, ಗುರಿ ಮಾತ್ರ ಇಳಿಯಲಿಲ್ಲವೆಂದು ಅಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ.

ಕಾನೂನಿನ ಕಣ್ಣಿಗೆ ಇವನು ಯಾರು ಎಂಬ ಪ್ರಶ್ನೆಯೂ ಬಹುಕಾಲ ತೂಗಾಡಿದೆ. ಪ್ರತಿನಿಧಿಯ ಮುಖ್ಯ ಕೆಲಸ ಮಾರಾಟಕ್ಕಾಗಿ ಪ್ರಚಾರ ಮಾಡುವುದು, ಆದುದರಿಂದ ಕೈಗಾರಿಕಾ ವಿವಾದ ಕಾಯಿದೆಯ ಪ್ರಕಾರ ಅವನು ಕಾರ್ಮಿಕನಲ್ಲ ಎಂದು 1961ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅವನಿಗೆಂದೇ ಸಂಸತ್ತು 1976ರಲ್ಲಿ ಒಂದು ಕಾಯಿದೆ ಮಾಡಿತು. ನೇಮಕದ ಪತ್ರ ಲಿಖಿತವಾಗಿರಬೇಕು, ಇಂತಿಷ್ಟು ರಜೆ ಕೊಡಬೇಕು, ಕಾರ್ಮಿಕ ಕಾಯಿದೆಗಳ ರಕ್ಷಣೆ ಅವನಿಗೂ ಸಲ್ಲಬೇಕು ಎಂದಿತು. ಆದರೆ ಸಂಬಳ ಒಂದು ಮಿತಿಯನ್ನು ದಾಟಿದವರನ್ನು ಹೊರಗಿಟ್ಟಿತು. ಆ ಮಿತಿ ಸಡಿಲವಾದುದು 1986ರ ತಿದ್ದುಪಡಿಯಿಂದ. 1994ರಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಎಚ್. ಆರ್. ಅಡ್ಯಂತಾಯ ಅವರ ಹೆಸರಿನ ಪ್ರಕರಣದಲ್ಲಿ, ಹಳೆಯ ಮಾತನ್ನೇ ಎತ್ತಿಹಿಡಿಯಿತು: ಇವನು ಸ್ವತಃ ಕಾರ್ಮಿಕನಲ್ಲ, ಇವನಿಗಿರುವ ರಕ್ಷಣೆ 1976ರ ಕಾಯಿದೆಯ ಮೂಲಕ ಬಂದದ್ದು. (ಅಡ್ಯಂತಾಯ ಎಂಬುದು ನಮ್ಮ ದಕ್ಷಿಣ ಕನ್ನಡಕ್ಕೆ ಪರಿಚಿತವಾದ ಮನೆತನದ ಹೆಸರು.) 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಕಡೆಗೂ ‘ಕಾರ್ಮಿಕ’ ಎಂಬ ಪದದ ಅರ್ಥದೊಳಗೇ ಇವನನ್ನು ಸೇರಿಸಿಕೊಂಡಿತು, ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಅದೇ ಸಂಹಿತೆ ನಿಗದಿತ ಅವಧಿಯ ನೇಮಕಕ್ಕೂ ಮನ್ನಣೆ ಕೊಟ್ಟಿದೆ. ಎರಡರಲ್ಲಿ ಯಾವುದು ಹೆಚ್ಚು ಬಳಕೆಗೆ ಬರುವುದೋ ನೋಡಬೇಕು.

ಪ್ರತಿನಿಧಿಗಳು ಹೀಗೆ ಬಂದು ಬಂದು ಹೋಗುತ್ತಿದ್ದರೆ ನಷ್ಟ ಯಾರಿಗೆ? ಕಂಪನಿ ಇನ್ನೊಬ್ಬನನ್ನು ತರಬೇತಿಗೆ ಕೂರಿಸುತ್ತದೆ. ಅದರ ಖರ್ಚನ್ನು ಅದು ಬಲ್ಲುದು. ನಾನು ಹೇಳುವುದು ಬೇರೆ ನಷ್ಟ. ಹಾವೇರಿಯ ಆ ವೈದ್ಯರು ಪ್ರಶ್ನೆ ಕೇಳಿದುದು ಮುಂದಿನ ತಿಂಗಳೂ ಇವನೇ ಬರುವನೆಂಬ ಭರವಸೆಯಿಂದ. ತಿಂಗಳಿಗೊಂದು ಹೊಸ ಮುಖ ಬಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಮಾದರಿಯನ್ನು ಮೇಜಿನ ಮೇಲಿಡಿಸಿ ಕಳುಹಿಸುತ್ತಾರೆ. ಮದ್ದಿನಿಂದಾದ ತೊಂದರೆಯ ಸುದ್ದಿ ಹಳ್ಳಿಯಿಂದ ಕಂಪನಿಗೆ ಮುಟ್ಟುವ ದಾರಿಗಳಲ್ಲಿ ಒಂದು ಅಲ್ಲಿಗೆ ಮುಚ್ಚಿಹೋಗುತ್ತದೆ.

ಗುರಿಯೇ ಬೇಡವೆಂದು ನಾನು ಹೇಳಲಾರೆ. ವ್ಯಾಪಾರಕ್ಕೆ ಲೆಕ್ಕ ಬೇಕು. ಆದರೆ ಸ್ಟಾಕಿಸ್ಟನಿಗೆ ತುಂಬಿದುದನ್ನು ಬಿಟ್ಟು ರೋಗಿಗೆ ತಲಪಿದುದನ್ನು ಎಣಿಸಿದರೆ, ಹಿಂದಿನವನು ಬಿಟ್ಟುಹೋದ ಹೊರೆಯನ್ನು ಹೊಸಬನ ಲೆಕ್ಕಕ್ಕೆ ಬರೆಯದಿದ್ದರೆ, ಅರ್ಧ ಬೇಸರ ಕಳೆದೀತು. ಇವೆರಡಕ್ಕೂ ಹೆಚ್ಚಿನ ಬಂಡವಾಳ ಬೇಕಾಗಿಲ್ಲ.

ನನ್ನ ಬಳಿಗೆ ಬರುವ ಹುಡುಗರಿಗೆ ಸೇರಬೇಡಿರೆಂದು ನಾನು ಹೇಳುವುದಿಲ್ಲ. ಮನೆಯಲ್ಲಿ ತಂಗಿಯ ಓದು, ತಂದೆಯ ಸಾಲ ಇರುವವನಿಗೆ ಹಾಗೆ ಹೇಳಲು ನಾನು ಯಾರು? ನೇಮಕದ ಪತ್ರವನ್ನು ಪೂರ್ತಿ ಓದಿ ಸಹಿ ಮಾಡು, ದಿನಭತ್ಯೆ ಮತ್ತು ಪ್ರಯಾಣದ ಖರ್ಚು ಯಾವಾಗ ಕೈಗೆ ಬರುವುದೆಂದು ಕೇಳು, ನಿನಗೆ ಕೊಡುವ ಪ್ರದೇಶದಲ್ಲಿ ನಿನ್ನ ಹಿಂದೆ ಇದ್ದವರು ಎಷ್ಟು ಮಂದಿ, ಒಬ್ಬೊಬ್ಬರು ಎಷ್ಟು ತಿಂಗಳು ಇದ್ದರು ಎಂದು ವಿಚಾರಿಸು ಎನ್ನುತ್ತೇನೆ. ಕಡೆಯ ಪ್ರಶ್ನೆಗೆ ಸಂದರ್ಶನದಲ್ಲಿ ಉತ್ತರ ಸಿಗದಿದ್ದರೆ ಆ ಊರಿನ ಯಾವುದಾದರೂ ಔಷಧದ ಅಂಗಡಿಯಲ್ಲಿ ಕೇಳಬೇಕು. ಅವರಿಗೆ ಎಲ್ಲರ ಹೆಸರೂ ನೆನಪಿರುತ್ತದೆ.